ಕ್ಯಾಶ್ ಕ್ಲಿಯರ್ ಮಾಡಿದ್ರಾ?

ಸೂಪರ್ ಮಾರಿಯೊ ಬ್ರದರ್ಸ್ ಬಂದದ್ದು 1985ರಲ್ಲಿ. ಮಾರಿಯೊ, ಆಮೆ, ಅಣಬೆ, ಕೋಟೆ, ರಾಜಕುಮಾರಿ, ಸಂಗೀತ ಎಲ್ಲ ಸೇರಿ ಇಡೀ ಆಟ 40 ಕೆಬಿ. ಅದು ಓಡುತ್ತಿದ್ದ ಪೆಟ್ಟಿಗೆಯ ಮೆಮೊರಿ 2 ಕೆಬಿ. ಈಗ ನಿಮ್ಮ ಮುಂದಿರುವ 8 ಜಿಬಿ ಲ್ಯಾಪ್‌ಟಾಪಿನದು ಅದರ 40 ಲಕ್ಷ ಪಟ್ಟಿಗಿಂತ ಜಾಸ್ತಿ. ಇಂಥ ಭಾರಿ ಯಂತ್ರದಲ್ಲಿ ಭಾನುವಾರ ಮಧ್ಯಾಹ್ನ ಒಂದು ಹಳೇ ಗೇಮ್ ಆಡೋಣ ಅಂತ ಬ್ರೌಸರ್ ತೆರೆದರೆ ಸಿಗುವುದು ಒಂದು ಕಪ್ಪು ಚೌಕ. ಅದರೊಳಗೆ ಸುತ್ತುವ ಚಕ್ರ. ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಪಕ್ಕದಲ್ಲಿ ಸಾಲ ಕೊಡುವವರ ಜಾಹೀರಾತಿನ ವಿಡಿಯೋ ಮಾತ್ರ ಒಂದು ಕ್ಷಣವೂ ತಡವರಿಸದೆ ಓಡುತ್ತಿರುತ್ತದೆ.

ಸರಿ, ‘ಸಹಾಯ’ ಅಂತ ಬರೆದಿರುವ ಕಡೆ ಒತ್ತಿ. ಕ್ಯಾಶ್ (ದುಡ್ಡಲ್ಲ, ಬ್ರೌಸರ್ ಕೂಡಿಟ್ಟುಕೊಂಡ ಹಳೇ ಫೈಲುಗಳು) ಕ್ಲಿಯರ್ ಮಾಡಿ. ಬೇರೆ ಬ್ರೌಸರ್‌ನಲ್ಲಿ ನೋಡಿ. ಎಕ್ಸ್‌ಟೆನ್ಷನ್ ತೆಗೆಯಿರಿ. ಆ್ಯಡ್ ಬ್ಲಾಕರ್ ಆಫ್ ಮಾಡಿ (ಇದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ). ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಇಷ್ಟಾದರೂ ಬರದಿದ್ದರೆ ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ. ಮನೆ ಕಂಪ್ಯೂಟರಿಗೆ ಅಡ್ಮಿನಿಸ್ಟ್ರೇಟರ್ ಯಾರು ಅಂತ ಹೆಂಡತಿಯನ್ನೇ ಕೇಳಬೇಕು. ಒಂದು ಕಡೆಯಾದರೂ ‘ತಪ್ಪು ನಮ್ಮದಿರಬಹುದು’ ಅಂತ ಬರೆದಿರುವುದಿಲ್ಲ. ಎಲ್ಲ ಪಾಪವೂ ನಿಮ್ಮ ಕಡೆಯದೇ.

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಆಡಿದವರಿಗೆ ಈ ಸಲಹೆಯ ಮೂಲ ಗೊತ್ತಿರುತ್ತದೆ. ಗೇಮ್ ಬರಲಿಲ್ಲವೋ, ಕ್ಯಾಸೆಟ್ ಕಿತ್ತು, ಕೆಳಗಡೆ ಉಫ್ ಅಂತ ಊದಿ, ಮತ್ತೆ ಒತ್ತಿ ಕೂರಿಸುವುದು. ಬರುತ್ತಿತ್ತು! ಬರುತ್ತಿದ್ದದ್ದು ಊದಿದ್ದಕ್ಕಲ್ಲ, ಕಿತ್ತು ಮತ್ತೆ ಕೂರಿಸಿದ್ದಕ್ಕೆ. ಊದಿದ ಎಂಜಲಿನ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತಿದ್ದದ್ದು ಬೇರೆ. ಆದರೂ ಇಡೀ ಒಂದು ತಲೆಮಾರು ಊದಿತು. ಅದೇ ತಲೆಮಾರು ದೊಡ್ಡದಾಗಿ, ಐಟಿ ಸೇರಿ, ಈಗ ಸಹಾಯದ ಪುಟ ಬರೆಯುತ್ತಿದೆ.

ಎಷ್ಟೋ ಪುಟಗಳಲ್ಲಿ ಇನ್ನೊಂದು ಸಲಹೆ ಇನ್ನೂ ಹಾಗೇ ಇದೆ: ‘ಅಡೋಬಿ ಫ್ಲಾಶ್ ಪ್ಲೇಯರ್‌ನ ಹೊಸ ಆವೃತ್ತಿ ಹಾಕಿಕೊಳ್ಳಿ’. ಬ್ರೌಸರ್‌ನಲ್ಲಿ ಗೇಮ್, ವಿಡಿಯೋ ಓಡಿಸುತ್ತಿದ್ದ ಈ ಫ್ಲಾಶ್ ನಿಲ್ಲಿಸುತ್ತೇವೆ ಅಂತ ಅದರ ಕಂಪನಿ ಅಡೋಬಿ 2017ರಲ್ಲೇ ಹೇಳಿತ್ತು. 2020ರ ಡಿಸೆಂಬರ್ 31ಕ್ಕೆ ಕಥೆ ಮುಗಿಯಿತು. 2021ರ ಜನವರಿ 12ರ ನಂತರ ಪ್ಲೇಯರ್ ತಾನಾಗಿಯೇ ಕೆಲಸ ನಿಲ್ಲಿಸುವಂತೆ ಒಳಗೇ ಏರ್ಪಾಡು ಮಾಡಿದ್ದರು. ಇಷ್ಟು ಚೊಕ್ಕಟವಾಗಿ ತಿಥಿ ಮುಗಿದವನನ್ನು ‘ಅಪ್‌ಡೇಟ್ ಮಾಡಿ’ ಅನ್ನುತ್ತಾರೆ. ಹುಡುಕಿಕೊಂಡು ಹೋದವರಿಗೆ ಫ್ಲಾಶ್ ಹೆಸರಿನಲ್ಲಿ ವೈರಸ್ ಕೊಡುವವರು ಕಾದು ಕೂತಿರುತ್ತಾರೆ. ಅದು ಮಾತ್ರ ಸೊಗಸಾಗಿ ಲೋಡ್ ಆಗುತ್ತದೆ.

ನಗಬೇಡಿ, ಒಂದು ಸರ್ಕಾರವೇ ಇದರಲ್ಲಿ ಸಿಕ್ಕಿಕೊಂಡಿತ್ತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಫಾರ್ಮ್‌ಗಳು ಫ್ಲಾಶ್‌ನಲ್ಲೇ ಉಳಿದಿದ್ದವು. ಮೂರು ವರ್ಷ ಮೊದಲೇ ನೋಟಿಸ್ ಸಿಕ್ಕಿತ್ತು, ಆದರೂ ಉಳಿದಿದ್ದವು. 2021ರ ಜನವರಿಯಲ್ಲಿ ಇಲಾಖೆ ಏನು ಮಾಡಿತು ಗೊತ್ತಾ? ಫ್ಲಾಶ್ ಓಡಲಿ ಅಂತ ತನ್ನದೇ ಒಂದು ಬ್ರೌಸರ್ ಬಿಡುಗಡೆ ಮಾಡಿತು! ಫಾರ್ಮ್ ಬದಲಿಸುವುದಕ್ಕಿಂತ ಬ್ರೌಸರನ್ನೇ ಬದಲಿಸುವುದು ಸುಲಭ ಅನ್ನಿಸಿರಬೇಕು. ನಮ್ಮ ಕಚೇರಿಗಳಿಗೆ ಈ ಉಪಾಯ ಹೊಳೆಯಲಿಲ್ಲವಲ್ಲ ಅಂತ ಸಮಾಧಾನ ಪಡೋಣ.

ಹಾಗಂತ ಹಳೇ ಆಟ ಬ್ರೌಸರ್‌ನಲ್ಲಿ ಓಡುವುದೇ ಇಲ್ಲ ಅಂತಲ್ಲ. ಇಂಟರ್ನೆಟ್ ಆರ್ಕೈವ್‌ನವರು 2015ರಲ್ಲೇ ಸುಮಾರು 2,400 (ವಿಂಡೋಸಿಗೂ ಮುಂಚಿನ) ಡಾಸ್ ಗೇಮ್‌ಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಇಟ್ಟರು. ಫ್ಲಾಶ್ ಗೇಮ್‌ಗಳಿಗೆ ರಫಲ್ ಅನ್ನುವ ಎಮ್ಯುಲೇಟರ್ (ಫ್ಲಾಶ್‌ನ ವೇಷ ಹಾಕಿ ಅದರ ಕೆಲಸ ಮಾಡುವ ತಂತ್ರಾಂಶ) ಇದೆ, ಪುಕ್ಕಟೆ. ಓಡದಿದ್ದಾಗ ಯಾಕೆ ಓಡಲಿಲ್ಲ ಅನ್ನುವುದೂ ಬಹಳ ಸಲ ಬ್ರೌಸರ್ ಒಳಗೇ ಬರೆದಿರುತ್ತದೆ. ಎಫ್12 ಒತ್ತಿ, ಕನ್ಸೋಲ್ ಅನ್ನುವ ಜಾಗ ನೋಡಿ. ಕೆಂಪು ಅಕ್ಷರದ ಸಾಲು ಕಾಣುತ್ತದೆ. 404 ಅಂತಿದ್ದರೆ ಗೇಮ್‌ನ ಫೈಲೇ ಅವರ ಸರ್ವರ್‌ನಲ್ಲಿ ಆ ಜಾಗದಲ್ಲಿಲ್ಲ. ನೀವು ಕ್ಯಾಶ್ ಅಲ್ಲ, ಮನೆಯನ್ನೇ ಕ್ಲಿಯರ್ ಮಾಡಿದರೂ ಬರುವುದಿಲ್ಲ. ‘ಮಿಕ್ಸೆಡ್ ಕಂಟೆಂಟ್’ ಅಂತಿದ್ದರೆ ಪುಟ ಎಚ್‌ಟಿಟಿಪಿಎಸ್‌ಗೆ (ಸುರಕ್ಷಿತ ವಿಳಾಸಕ್ಕೆ) ಬಡ್ತಿ ಪಡೆದಿದೆ, ಗೇಮ್ ಫೈಲಿನ ವಿಳಾಸ ಮಾತ್ರ ಹಳೇ ಎಚ್‌ಟಿಟಿಪಿಯಲ್ಲೇ ಉಳಿದಿದೆ, ಅದಕ್ಕೇ ಬ್ರೌಸರ್ ತಡೆದಿದೆ. ಎರಡರಲ್ಲೂ ರಿಪೇರಿ ಮಾಡಬೇಕಾದವರು ಅವರು. ಅದಕ್ಕೇ ಇರಬೇಕು, ಸಹಾಯದ ಪುಟದಲ್ಲಿ ಎಫ್12ರ ಸುದ್ದಿಯೇ ಇರುವುದಿಲ್ಲ.

ನಿಮ್ಮ ಕಡೆಯದೇ ಅನ್ನಬಹುದಾದ ತಪ್ಪು ಒಂದಿದೆ. ಯಾರೋ ಜಿಪ್ ಫೈಲ್ ಕಳಿಸುತ್ತಾರೆ, ನೀವು ಬಿಚ್ಚಿ ಡಬಲ್ ಕ್ಲಿಕ್ ಮಾಡುತ್ತೀರಿ. ಮತ್ತೆ ಕಪ್ಪು ಚೌಕ. ಗೇಮ್ ಫೈಲ್ ಅದೇ ಫೋಲ್ಡರ್‌ನಲ್ಲೇ ಕೂತಿದೆ, ಆದರೆ ಡಿಸ್ಕ್‌ನಿಂದ ನೇರವಾಗಿ ತೆರೆದ ಪುಟಕ್ಕೆ ಪಕ್ಕದ ಫೈಲ್ ಓದಲು ಬ್ರೌಸರ್ ಬಿಡುವುದಿಲ್ಲ. ಭದ್ರತೆ! ಇದಕ್ಕೆ ಪರಿಹಾರ, ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಪುಟ್ಟ ಸರ್ವರ್ ಓಡಿಸಿ ಅದರ ಮೂಲಕ ಆಡುವುದು. ಸರ್ವರ್ ಡೌನ್ ಅಂತ ನಾಡಕಚೇರಿಯಿಂದ ಬರಿಗೈಲಿ ವಾಪಸ್ ಬಂದವನು ಮಾರಿಯೊ ಆಡಬೇಕಾದರೆ ಮನೆಯಲ್ಲಿ ತಾನೇ ಸರ್ವರ್ ಇಟ್ಟುಕೊಳ್ಳಬೇಕು.

ಅಂತೂ ಗೇಮ್ ಬಂತು ಅನ್ನಿ. ಸದ್ದು ಬರುವುದಿಲ್ಲ. ಪುಟದ ಮೇಲೆ ಒಮ್ಮೆ ಕ್ಲಿಕ್ ಮಾಡದೆ ಯಾರೂ ಬಾಯಿ ಬಿಡಕೂಡದು ಅಂತ ಕ್ರೋಮ್ 2018ರಲ್ಲಿ ನಿಯಮ ತಂದಾಗ ಎಷ್ಟೋ ವೆಬ್ ಗೇಮ್‌ಗಳು ಇದ್ದಕ್ಕಿದ್ದಂತೆ ಮೂಕವಾದವು. ಗಲಾಟೆಯಾಯಿತು, ಕೆಲವು ತಿಂಗಳು ಹಿಂದೆ ಸರಿದರು, ಡಿಸೆಂಬರ್‌ನಲ್ಲಿ ಮತ್ತೆ ತಂದರು. ಕಾಟ ಕೊಡುವ ಜಾಹೀರಾತುಗಳ ಬಾಯಿ ಮುಚ್ಚಿಸಲಿಕ್ಕೆ ಬಂದ ನಿಯಮವಂತೆ.

ಕ್ಲಿಕ್ ಮಾಡಿ, ಸದ್ದು ಬರಿಸಿ, ಪ್ರಿನ್ಸ್ ಆಫ್ ಪರ್ಷಿಯಾ ಶುರು ಮಾಡಿ. ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ ಗಡುವು. ಕತ್ತಿ ಬೀಸಲು ಶಿಫ್ಟ್ ಕೀ. ಎದುರಿಗೆ ಕಾವಲುಗಾರ ಬಂದ, ನೀವು ಗಾಬರಿಯಲ್ಲಿ ಶಿಫ್ಟ್ ಮೇಲೆ ಶಿಫ್ಟ್ ಒತ್ತಿದಿರಿ. ಐದನೇ ಸಲಕ್ಕೆ ವಿಂಡೋಸ್ ನಡುವೆ ಬಂದು ನಿಂತು ‘ಸ್ಟಿಕಿ ಕೀಸ್ ಆನ್ ಮಾಡಲೇ?’ (ಎರಡು ಕೀ ಒಟ್ಟಿಗೆ ಒತ್ತಲಾಗದವರಿಗೆ ಇರುವ ಸೌಲಭ್ಯ) ಅಂತ ವಿನಯದಿಂದ ಕೇಳುತ್ತದೆ. ನೀವು ಬೇಡ ಅನ್ನುವಷ್ಟರಲ್ಲಿ ಅವನು ಕತ್ತಿ ಇಳಿಸಿರುತ್ತಾನೆ. ಶಾಲೆಯ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಆಡುತ್ತಿದ್ದ ಡೇಂಜರಸ್ ಡೇವ್ ಗೇಮ್ ನೆನಪಿದೆಯಲ್ಲ? ಅದರಲ್ಲಿ ಜೆಟ್‌ಪ್ಯಾಕಿಗೆ ಆಲ್ಟ್ ಕೀ. ಆಲ್ಟ್ ಜೊತೆಗೆ ಎಡ ಬಾಣ ಒತ್ತಿದರೆ ಬ್ರೌಸರ್‌ನಲ್ಲಿ ಅದು ಹಿಂದಿನ ಪುಟಕ್ಕೆ ಹೋಗುವ ಆಜ್ಞೆ. ಗೇಮ್ ಬರೆದವರು ಕೀ ತಡೆಹಿಡಿಯಲು ಮರೆತಿದ್ದರೆ ಡೇವ್ ಹಾರುವುದಿಲ್ಲ, ಪುಟವೇ ಹಾರಿಹೋಗುತ್ತದೆ.

ಪ್ರತಿ ಮನೆತನಕ್ಕೂ ಬೆಂಗಳೂರಲ್ಲಿ ಒಬ್ಬ ಐಟಿ ಅಳಿಯ ಇರುತ್ತಾನಲ್ಲ, ಕೊನೆಗೆ ಫೋನ್ ಹೋಗುವುದು ಅವನಿಗೇ.

“ಏನೋ ಇದು, ಬೆಳಗ್ಗೆಯಿಂದ ಪ್ರಿನ್ಸ್ ಬರ್ತಾನೇ ಇಲ್ಲ. ನಿನ್ನೆ ಚೆನ್ನಾಗಿತ್ತು. ನಾಲ್ಕನೇ ಲೆವೆಲ್‌ಗೆ ಸೇವ್ ಬೇರೆ ಮಾಡಿದ್ದೆ.”

“ಕ್ಯಾಶ್ ಕ್ಲಿಯರ್ ಮಾಡಿದ್ರಾ ಮಾವ?”

“ಮಾಡಿದೆ. ಅಲ್ಲಿದ್ದ ಎಲ್ಲದಕ್ಕೂ ಟಿಕ್ ಹಾಕಿ ಮಾಡಿದೆ.”

“ಸೈಟ್ ಡೇಟಾಗೂ ಹಾಕಿದ್ರಾ? ಅಯ್ಯೋ, ಸೇವ್ ಆಗಿದ್ದು ಅದರೊಳಗೇ ಇತ್ತು ಮಾವ. ಇನ್ನು ಮೊದಲಿಂದ ಆಡ್ಬೇಕು.”

“ಆಡ್ತೀನಪ್ಪ, ಅದಕ್ಕೇನು. ಗೇಮ್ ಎಲ್ಲಿ ಬಂತು ಆಡೋಕೆ?”

“ಬೇರೆ ಬ್ರೌಸರ್‌ನಲ್ಲಿ ನೋಡಿದ್ರಾ?”