ಒಂದೇ ಕುರ್ಚಿಯ ಸಂಗೀತ

ನಮ್ಮ ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ಸಂಗೀತ ಕೇಳುವುದಕ್ಕೆಂದೇ ಒಂದು ಕೋಣೆ ಇದೆ. ಕೋಣೆಯಲ್ಲಿ ಕುರ್ಚಿ ಒಂದೇ. ಎರಡೂ ಸ್ಪೀಕರಿನ ಸದ್ದು ಸರಿಯಾಗಿ ಬಂದು ಕೂಡುವ ಜಾಗ ಇಡೀ ಭೂಮಂಡಲದಲ್ಲಿ ಅದೊಂದೇ ಅಂತೆ. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿದ್ದಾರೆ. ಸ್ಪೀಕರ್‌ಗಳಿಗೂ ಅಷ್ಟೇ. ನೆಲ ಒರೆಸುವಾಗ ಒಂದು ಬೆರಳಷ್ಟು ಸರಿದರೂ ಅವತ್ತು ಸಂಜೆ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವ ಹಾಗಿಲ್ಲ. ಯಾರಾದರೂ ಬಂದರೆ ಕುರ್ಚಿ ಅವರಿಗೆ. ಇವರು ಬಾಗಿಲ ಹತ್ತಿರ ನಿಂತು ಬಂದವರ ಮುಖ ನೋಡುತ್ತಾರೆ. ಬಂದವರು ಆಹಾ ಅನ್ನಬೇಕು. ಎಲ್ಲಿ ಅನ್ನಬೇಕು ಅನ್ನುವುದೂ ಇವರಿಗೆ ಗೊತ್ತು. ಆ ಜಾಗ ಬರುತ್ತಿದ್ದ ಹಾಗೆ ಹುಬ್ಬು ಹಾರಿಸಿ ಸೂಚನೆ ಕೊಡುತ್ತಾರೆ.

ಮೊನ್ನೆ ಆ ಕುರ್ಚಿಯಲ್ಲಿ ಕೂತು ನಾನೊಂದು ತಪ್ಪು ಮಾಡಿದೆ. "ಸ್ವಲ್ಪ ಟೆಕ್ನೋ ಹಾಕ್ತೀರಾ?" ಅಂದೆ. ಟೆಕ್ನೋ ಅಂದರೆ ಮೆಷಿನ್ನಿನಲ್ಲೇ ಹುಟ್ಟಿಸಿದ ಕುಣಿತದ ಸಂಗೀತ.

ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಅನ್ನುವ ನೋಟ ಇದೆಯಲ್ಲ, ಅದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. "ಅಲ್ರೀ, ಅದರಲ್ಲಿ ಕೇಳೋಕೆ ಏನಿದೆ? ಡುಬ್ ಡುಬ್ ಡುಬ್ ಅಂತ ಮೆಷಿನ್ನು. ಅದಕ್ಕೆ ಈ ಸಿಸ್ಟಮ್ ಯಾಕೆ, ಬಕೆಟ್ ಬಡಿದರೂ ಸಾಕು" ಅಂದರು. ಆಮೇಲೆ ಸ್ವಲ್ಪ ಕನಿಕರದಿಂದ, "ನಿಮ್ಮ ಕಿವಿ ಇನ್ನೂ ಪಳಗಿಲ್ಲ ಬಿಡಿ" ಅಂತ ಹೇಳಿ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಕಿದರು. 1994ರ ಲೈವ್. ಆಡಿಯೊಫೈಲ್‌ಗಳ, ಅಂದರೆ ಸದ್ದಿನ ಶುದ್ಧತೆಯ ಹುಚ್ಚು ಹಿಡಿದವರ, ಮನೆಗೆ ಹೋದರೆ ಈ ಹಾಡಿನಿಂದ ತಪ್ಪಿಸಿಕೊಂಡು ಬಂದವರಿಲ್ಲ. ಶುರುವಿನ ಗಿಟಾರಿನ ನಡುವೆ ಡ್ರಮ್ಮಿನ ಪೆಟ್ಟೊಂದು ಬೀಳುತ್ತದಲ್ಲ, ಅಲ್ಲಿ ಹುಬ್ಬು ಹಾರಿತು. ನಾನು ಆಹಾ ಅಂದೆ. ಅದೂ ಡುಬ್ಬೇ ಅಲ್ವಾ ಅಂತ ಕೇಳಲಿಲ್ಲ. ವಾಪಸ್ ಮನೆಗೆ ಅವರ ಕಾರಿನಲ್ಲೇ ಹೋಗಬೇಕಿತ್ತು.

ಇವರ ಸಿಟ್ಟಿಗೂ ಒಂದು ಶಾಸ್ತ್ರ ಇದೆ, ಸುಮ್ನೆ ಅಲ್ಲ. 1973ರಲ್ಲಿ ಹ್ಯಾರಿ ಪಿಯರ್ಸನ್ ಅನ್ನುವವರು ಅಮೆರಿಕದಲ್ಲಿ 'ದಿ ಆಬ್ಸಲ್ಯೂಟ್ ಸೌಂಡ್' ಅಂತ ಪತ್ರಿಕೆ ಶುರು ಮಾಡಿದರು. ನಿಜವಾದ ವಾದ್ಯ, ನಿಜವಾದ ಜಾಗದಲ್ಲಿ, ಮೈಕಿಲ್ಲದೆ ಹೇಗೆ ಕೇಳುತ್ತದೋ ಅದೇ ಅಳತೆಗೋಲು. ನಿಮ್ಮ ಸ್ಪೀಕರ್ ಅದಕ್ಕೆ ಎಷ್ಟು ಹತ್ತಿರ ಬಂತು ಅಂತ ನೋಡಿ ಮಾರ್ಕು. ಕೇಳೋಕೆ ನ್ಯಾಯವಾಗೇ ಇದೆ. ಪಿಟೀಲು ಪಿಟೀಲಿನ ಹಾಗೆ ಕೇಳಬೇಕು, ಸರಿ. ಆದರೆ ಡ್ರಮ್ ಮೆಷಿನ್ನಿನ ಸದ್ದು ಯಾವುದರ ಹಾಗೆ ಕೇಳಬೇಕು? ರೋಲ್ಯಾಂಡ್ ಕಂಪನಿಯ 808 ಅನ್ನುವ ಡ್ರಮ್ ಮೆಷಿನ್ ಬಂದಿದ್ದು 1980ರಲ್ಲಿ. ಅದರ 'ಡುಬ್' ಯಾವ ಚರ್ಮದ ಮೇಲೂ ಹುಟ್ಟಿದ್ದಲ್ಲ. ಯಾವ ಸಭಾಂಗಣದಲ್ಲೂ ಮೊಳಗಿದ್ದಲ್ಲ. ಸರ್ಕ್ಯೂಟಿನಲ್ಲಿ ಕರೆಂಟಾಗಿ ಹುಟ್ಟಿತು, ತಂತಿಯಲ್ಲಿ ಹರಿದು ಬಂತು. ಮೊದಲ ಸಲ ಗಾಳಿಗೆ ಬೀಳುವುದೇ ಸ್ಪೀಕರಿನಿಂದ. ಅಂದರೆ ಸ್ಪೀಕರ್ ಇಲ್ಲಿ ನಕಲು ಮಾಡುತ್ತಿಲ್ಲ. ಅದೇ ವಾದ್ಯ. ನಮ್ಮ ಹಿರಿಯರು ಇಷ್ಟು ವರ್ಷ ಮೈ ಒರೆಸಿ, ಅಳತೆ ಹಿಡಿದು, ಟೇಪ್ ಅಂಟಿಸಿ ಸಾಕಿದ ಆ ಎರಡು ಪೆಟ್ಟಿಗೆಗಳು ಸುಳ್ಳು ಹೇಳದೆ ನುಡಿಸಬಲ್ಲ ಸಂಗೀತ ಇದ್ದರೆ ಅದು ಇದೇ. ಅದನ್ನೇ ಅವರು ಒಳಗೆ ಬಿಡುವುದಿಲ್ಲ.

ಇನ್ನೊಂದು ತಮಾಷೆ. ಅನಲಾಗ್, ಅಂದರೆ ಡಿಜಿಟಲ್ ಅಂಕಿಗಳಾಗಿ ಬದಲಾಗದ ಸದ್ದು, ಅದಕ್ಕೆ ಪ್ರಾಣ ಬಿಡುವ ಜನ ಇವರು. 808ರ ಸದ್ದುಗಳು ಹುಟ್ಟುವುದು ಪೂರ್ತಿ ಅನಲಾಗ್ ಸರ್ಕ್ಯೂಟಿನಲ್ಲಿ. ಅದು ಬೇಡ! ಅನಲಾಗ್ ಅಂದರೆ ನೂರಾರು ಗಂಟೆ ಬೆಚ್ಚಗಾಗುವ ತಂತಿ ಇರಬೇಕು, ಬೆಲೆ ಕೇಳಿದರೆ ತಲೆ ತಿರುಗಬೇಕು.

ಇನ್ನು 'ನಿಜವಾದ' ಸಂಗೀತದ ಕಥೆ. ಗಾಯಕಿ ಬಂದು ಕಿವಿಯಲ್ಲೇ ಹಾಡುತ್ತಾಳೆ, ಅವಳ ಉಸಿರೂ ಕೇಳುತ್ತದೆ ಅಂತ ಮೈ ಮರೆಯುತ್ತಾರೆ. ಸ್ವಾಮಿ, ಯಾವ ಸಭೆಯಲ್ಲಿ ನಿಮಗೆ ಗಾಯಕಿಯ ಉಸಿರು ಕೇಳಿದೆ? ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಮೈಕ್ ಇಟ್ಟು, ಕಂಪ್ರೆಸರ್ ಹಾಕಿ ಸಣ್ಣ ಸದ್ದನ್ನು ಮೇಲೆತ್ತಿ, ಒಂದು ತಗಡನ್ನು ಅದುರಿಸಿ ಪ್ರತಿಧ್ವನಿ ತಯಾರಿಸಿ ಬೆರೆಸಿದ್ದು ಅದು. ಇವರ ಪೂಜೆಯ ರೆಕಾರ್ಡ್, ಜಾಜ್ ಕಹಳೆಗಾರ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', ಬಂದಿದ್ದು 1959ರಲ್ಲಿ. ರೆಕಾರ್ಡ್ ಮಾಡುವಾಗ ಟೇಪ್ ಮೆಷಿನ್ ಒಂದು ಕೊಂಚ ನಿಧಾನ ಓಡಿತ್ತು. ಹಾಗಾಗಿ ಮಾಮೂಲಿ ವೇಗದಲ್ಲಿ ನುಡಿಸಿದಾಗ ಮೊದಲ ಬದಿಯ ಮೂರೂ ಹಾಡು ಇರಬೇಕಾದ ಶ್ರುತಿಗಿಂತ ಸ್ವಲ್ಪ ಮೇಲೆ ಕೇಳುತ್ತಿದ್ದವು. ಸರಿಪಡಿಸಿದ್ದು 1992ರಲ್ಲಿ. 33 ವರ್ಷ ಶ್ರುತಿ ತಪ್ಪಿದ್ದನ್ನೇ ಕಣ್ಣು ಮುಚ್ಚಿಕೊಂಡು ಕೇಳಿ, ತಂತಿ ಬದಲಾಯಿಸಿದ ಮೇಲೆ ಕಹಳೆ ಇನ್ನೂ ನಿಜ ಅನ್ನಿಸಿತು ಅಂದವರು ಇದ್ದರಲ್ಲ!

2007ರಲ್ಲಿ ಮೇಯರ್ ಮತ್ತು ಮೊರಾನ್ ಅಂತ ಇಬ್ಬರು ದುಬಾರಿ ಫಾರ್ಮ್ಯಾಟಿನ ಸದ್ದನ್ನೂ ಅದನ್ನೇ ಮಾಮೂಲಿ ಸಿಡಿ ಮಟ್ಟಕ್ಕೆ ಇಳಿಸಿದ ಸದ್ದನ್ನೂ ಜನರಿಗೆ ಕೇಳಿಸಿದರು. ಯಾವುದು ಯಾವುದು ಅಂತ ಹೇಳಲಿಲ್ಲ. 554 ಸಲ ಕೇಳಿಸಿದ್ದಕ್ಕೆ ಸರಿ ಉತ್ತರ ಬಂದಿದ್ದು 276. ನಾಣ್ಯ ಚಿಮ್ಮಿದ್ದರೆ ಒಂದು ಜಾಸ್ತಿ ಬರುತ್ತಿತ್ತೇನೋ. ಮೊಬೈಲ್ ಫಿಡೆಲಿಟಿ ಅನ್ನುವ ಅಮೆರಿಕದ ರೆಕಾರ್ಡ್ ಕಂಪನಿಯ ಕಥೆಯಂತೂ ಇನ್ನೂ ಚೆಂದ. ಶುದ್ಧ ಅನಲಾಗ್ ಅಂತ ನಂಬಿ ಕೊಂಡ ರೆಕಾರ್ಡ್‌ಗಳಲ್ಲಿ ಎಷ್ಟೋ, ವರ್ಷಗಟ್ಟಲೆ, ಮಧ್ಯೆ ಒಂದು ಡಿಜಿಟಲ್ ಹಂತ ದಾಟಿ ಬಂದಿದ್ದವು. 2022ರಲ್ಲಿ ಗುಟ್ಟು ರಟ್ಟಾಯಿತು. ಅಲ್ಲಿಯವರೆಗೆ "ಡಿಜಿಟಲ್‌ನಲ್ಲಿ ಈ ಬೆಚ್ಚಗಿನ ಗುಣ ಎಲ್ಲಿ ಬರುತ್ತೆ" ಅಂತ ಕೊಂಡಾಡಿದವರೆಲ್ಲ ಕೋರ್ಟಿಗೆ ಓಡಿದರು. ಕಿವಿ ಹಿಡಿಯದ ಕಳ್ಳನನ್ನು ಕಾಗದಪತ್ರ ಹಿಡಿಯಿತು.

ಹೋಗಲಿ, ಎಲ್ಲಿಗೋ ಹೊರಟು ಎಲ್ಲಿಗೋ ಬಂದೆ. ಆದರೆ ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಡಾನ್ಸ್ ಸಂಗೀತದ ಬೇರು ಹುಡುಕುತ್ತಾ ಹೋದರೆ ಸಿಗುವವರಲ್ಲಿ ಒಬ್ಬ ಪಕ್ಕಾ ಆಡಿಯೊಫೈಲ್! ಡೇವಿಡ್ ಮ್ಯಾಂಕೂಸೊ. 1970ರಲ್ಲಿ ನ್ಯೂಯಾರ್ಕಿನಲ್ಲಿ ತಾನು ವಾಸವಿದ್ದ ಮಹಡಿಯಲ್ಲೇ ಪಾರ್ಟಿ ಶುರು ಮಾಡಿದ. ಜನ ಅದನ್ನು 'ಲಾಫ್ಟ್' ಅಂದರು. ಅಲ್ಲಿ ಎದೆಯೆತ್ತರದ ಕ್ಲಿಪ್ಶ್‌ಹಾರ್ನ್ ಸ್ಪೀಕರು, ರೆಕಾರ್ಡಿನ ಮೇಲೆ ಓಡುವ ಮುಳ್ಳಿಗೆ ಜಪಾನಿನ ಕೊಯೆಟ್ಸು ಕಾರ್ಟ್ರಿಡ್ಜು. ನಮ್ಮ ಹಿರಿಯರು ಆ ಹೆಸರುಗಳನ್ನು ಕೇಳಿದರೆ ಎದ್ದು ನಿಲ್ಲುತ್ತಾರೆ. ಕೊನೆಕೊನೆಗೆ ಹಾಡಿಗೆ ಹಾಡು ಬೆರೆಸುವ ಮಿಕ್ಸರ್ ಮಧ್ಯೆ ಬಂದರೆ ಸದ್ದು ಕೆಡುತ್ತದೆ ಅಂತ ಅದನ್ನೂ ತೆಗೆದಿಟ್ಟ. ಒಂದು ಹಾಡು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು. ಅಷ್ಟು ಹುಚ್ಚು. ವ್ಯತ್ಯಾಸ ಇಷ್ಟೇ, ಅವನ ಕೋಣೆಯ ನಡುವೆ ಇದ್ದಿದ್ದು ಒಂಟಿ ಕುರ್ಚಿ ಅಲ್ಲ. ಬೆವರುತ್ತಾ ಕುಣಿಯುವ ಜನ.

ಟೆಕ್ನಿಕ್ಸ್ 1200 ಅನ್ನುವ ಟರ್ನ್‌ಟೇಬಲ್ಲಿನ ಪಾಡೂ ಹೀಗೇ. 1972ರಲ್ಲಿ ಮನೆಯ ಹೈಫೈಗೆ ಅಂತಲೇ ಬಂದಿತ್ತು. ಮೋಟಾರು ನೇರವಾಗಿ ತಟ್ಟೆಯನ್ನೇ ತಿರುಗಿಸುತ್ತದೆ. ಛೆ, ಮೋಟಾರಿನ ನಡುಕ ರೆಕಾರ್ಡಿಗೆ ಹತ್ತುತ್ತದೆ, ಬೆಲ್ಟೇ ಬೇಕು ಅಂತ ಪಂಡಿತರು ಮೂಗು ಮುರಿದರು. ಡಿಜೆಗಳು ಎತ್ತಿಕೊಂಡರು. ಗುಂಡಿ ಒತ್ತಿದ ತಕ್ಷಣ ಓಡುತ್ತದೆ, ಕೈ ಹಾಕಿ ಹಿಂದೆ ಮುಂದೆ ತಿರುಗಿಸಿದರೂ ಸಾಯುವುದಿಲ್ಲ. ರಾತ್ರಿಯೆಲ್ಲಾ ಹೊಗೆ, ಬೆವರು, ನೆಲ ನಡುಗಿಸುವ ಬೇಸ್, ಎಲ್ಲ ತಡೆದುಕೊಂಡು ಮೂವತ್ತು ಚಿಲ್ಲರೆ ವರ್ಷ ದುಡಿಯಿತು. 2010ರಲ್ಲಿ ತಯಾರಿಕೆ ನಿಂತಿತು. 2016ರಲ್ಲಿ ಮತ್ತೆ ಬಂತು ನೋಡಿ, ಬರೀ 1200 ಮೆಷಿನ್, ತಲಾ 4000 ಡಾಲರ್. ಈಗ ಅದು ಹೈಎಂಡ್! ನಡುಕ ಎಲ್ಲಿ ಹೋಯಿತೋ. ಬೆಲೆ ಏರಿದ ಹಾಗೆ ಇಳಿದಿರಬೇಕು.

ಎಲೆಕ್ಟ್ರಾನಿಕ್ ಸಂಗೀತವನ್ನು ಇವರು ಒಪ್ಪಿಕೊಂಡಿದ್ದೇ ಇಲ್ಲ ಅಂದರೆ ತಪ್ಪಾಗುತ್ತದೆ. 2013ರಲ್ಲಿ ಫ್ರಾನ್ಸಿನ ಎಲೆಕ್ಟ್ರಾನಿಕ್ ಜೋಡಿ ಡಾಫ್ಟ್ ಪಂಕ್‌ನ ಆಲ್ಬಮ್ ಬಂದಾಗ ಒಪ್ಪಿಕೊಂಡರು. ಯಾಕೆ ಅಂದರೆ ಅದರಲ್ಲಿ ಮನುಷ್ಯರು ಕೂತು ಡ್ರಮ್ ಬಾರಿಸಿದ್ದರು.

ಇಲ್ಲಿಗೆ ಬಂದಾಗ ನನಗೆ ನಗು ಬರುವುದಿಲ್ಲ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡ್‌ಗಳನ್ನು ಗುಡ್ಡೆ ಹಾಕಿ ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿದರು. ಅವತ್ತು ಅಲ್ಲಿ ಜನರಿಗೆ ಸೀಟು ತೋರಿಸುವ ಕೆಲಸಕ್ಕೆ ಒಬ್ಬ ಹುಡುಗ ಇದ್ದ, ವಿನ್ಸ್ ಲಾರೆನ್ಸ್. ಸಿಂಥಸೈಜರ್ ಕೊಳ್ಳಲು ದುಡ್ಡು ಕೂಡಿಸುತ್ತಿದ್ದ. ಜನ ತಂದು ಎಸೆದ ರಾಶಿಯಲ್ಲಿ ಡಿಸ್ಕೊ ಅಲ್ಲದ, ಸುಮ್ನೆ ಕಪ್ಪು ಜನ ಹಾಡಿದ ರೆಕಾರ್ಡ್‌ಗಳೂ ಇದ್ದವು ಅಂತ ಅವನು ಆಮೇಲೆ ಹೇಳಿದ್ದಾನೆ. 1984ರಲ್ಲಿ, ಡಿಸ್ಕೊದಿಂದ ಹುಟ್ಟಿದ ಹೌಸ್ ಅನ್ನುವ ಡಾನ್ಸ್ ಸಂಗೀತದ ಮೊದಮೊದಲ ರೆಕಾರ್ಡೊಂದನ್ನು ಮಾಡಿದ ಇಬ್ಬರಲ್ಲಿ ಅವನೂ ಒಬ್ಬ. ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್. ಬೇರೆಲ್ಲೂ ಬಾಗಿಲು ತೆರೆಯದ ಕಪ್ಪು ಹುಡುಗರು, ಸಲಿಂಗಿಗಳು, ಯಾರೂ ಕೊಳ್ಳದ ಸೆಕೆಂಡ್‌ಹ್ಯಾಂಡ್ ಮೆಷಿನ್ ತಂದು ಮಾಡಿದ ಸಂಗೀತ ಇದು. ಇದರ ಮುಂದೆ ನಿಂತು "ಬಕೆಟ್ ಬಡಿದರೂ ಸಾಕು" ಅಂತೀರಿ. ಇಷ್ಟವಿಲ್ಲ ಅನ್ನಿ, ಯಾರು ಬೇಡ ಅಂದರು? ಸಂಗೀತವೇ ಅಲ್ಲ ಅನ್ನಬೇಡಿ. ವಯಸ್ಸಾದ ಹಾಗೆ ತೀರಾ ಏರು ಸ್ವರ ಕೇಳುವ ಶಕ್ತಿ ಎಲ್ಲರಿಗೂ ಸವೆಯುತ್ತದೆ. 20 ಕಿಲೋಹರ್ಟ್ಸ್ ಮಕ್ಕಳಿಗೆ ಕೇಳಿಸೀತು, ನಮಗೆ ನಿಮಗೆ ಅದರ ಹತ್ತಿರವೂ ಹೋಗಲಾಗದು. ಆ ಕಿವಿ ಇಟ್ಟುಕೊಂಡು 40 ಕಿಲೋಹರ್ಟ್ಸ್ ನುಡಿಯುವ ಟ್ವೀಟರ್, ಅಂದರೆ ಏರು ಸ್ವರದ ಪುಟ್ಟ ಸ್ಪೀಕರ್, ಕೊಂಡು, ಇನ್ನೊಬ್ಬರ ಕಿವಿ ಪಳಗಿಲ್ಲ ಅನ್ನುತ್ತೀರಲ್ಲ. ಸಾಕಾಗಿದೆ ಕೇಳಿ ಕೇಳಿ.

ಇದನ್ನೆಲ್ಲಾ ಅವರಿಗೆ ಹೇಳಿದೆನೇ? ಇಲ್ಲ. ಕಾರು, ಕಾರು.

ಕಳೆದ ವಾರ ಮತ್ತೆ ಕರೆದಿದ್ದರು. ಹೊಸ ಸ್ಪೀಕರ್ ಕೇಬಲ್ ಬಂದಿದೆ, ಹಾವಿನ ಗಾತ್ರ. ಅದರಲ್ಲಿ ಇನ್ನೂ ಹಾಡು ಹಾಕುವ ಹಾಗಿಲ್ಲ. ಮೊದಲು 200 ಗಂಟೆ ಹದ ಮಾಡಬೇಕಂತೆ. ಅದಕ್ಕೆಂದೇ ಒಂದು ಡಿಸ್ಕ್ ಬರುತ್ತದೆ, ಹಗಲೂ ರಾತ್ರಿ ಅದೇ ಓಡುತ್ತಿದೆ. ಅವರು ನೆಲಕ್ಕೆ ಕೂತು ಟರ್ನ್‌ಟೇಬಲ್ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಅದನ್ನು ಅಳತೆ ಮಾಡಿ ಸಾಬೀತು ಮಾಡುವವರು. ನಾನು ಕುರ್ಚಿಯಲ್ಲಿ ಕೂತೆ. ಸ್ಪೀಕರಿನಿಂದ ಶ್‌ಶ್‌ಶ್ ಅಂತ ಮಳೆ ಸುರಿದ ಹಾಗೆ ಸದ್ದು. ಅದು ನಿಂತ ಕೂಡಲೇ ನೆಲದೊಳಗಿಂದ ಎದ್ದ ಹಾಗೆ ವೂಊಊ ಅಂತ ಒಂದು ಸ್ವರ, ಏರಿ ಏರಿ ಸೀಟಿಯಾಗಿ ಮಾಯ. ಮತ್ತೆ ಶ್‌ಶ್‌ಶ್. ಮತ್ತೆ ವೂಊಊ. ವಾದ್ಯ ಇಲ್ಲ, ಹಾಡುವವರಿಲ್ಲ, ಉಸಿರಿಲ್ಲ. ಐದು ನಿಮಿಷಕ್ಕೆ ಅದಕ್ಕೊಂದು ಲಯ ಕೂಡಿಕೊಂಡಿತು. ಆ ಕೋಣೆಯಲ್ಲಿ ನಾನು ಕೇಳಿದ್ದರಲ್ಲಿ ಅದೇ ಚೆನ್ನಾಗಿತ್ತು. ನನಗೆ ಗೊತ್ತಿಲ್ಲದ ಹಾಗೆ ಕಾಲು ತಾಳ ಹಾಕುತ್ತಿತ್ತು.

ಅವರು ರಸಮಟ್ಟದಿಂದ ತಲೆ ಎತ್ತದೆ ಅಂದರು, "ಕಾಲು ಆಡಿಸಬೇಡ್ರೀ. ಗುಳ್ಳೆ ಅಲ್ಲಾಡುತ್ತೆ."