ಪಿಚ್ ಮಾಡುವವರನ್ನೂ ಮಾತಾಡಿಸಿ

ಮೆಲ್ಬರ್ನಿನಲ್ಲಿ 2025ರ ಡಿಸೆಂಬರ್ 26ಕ್ಕೆ ಶುರುವಾದ ಆಸ್ಟ್ರೇಲಿಯಾ-ಇಂಗ್ಲೆಂಡ್ ನಡುವಿನ ಆ್ಯಷಸ್ ಟೆಸ್ಟ್ ಮರುದಿನ ಸಂಜೆಗೇ ಮುಗಿದುಹೋಯಿತು. ಬಿದ್ದದ್ದು 36 ವಿಕೆಟ್, ಅದರಲ್ಲಿ 20 ಮೊದಲ ದಿನವೇ. ನಾಲ್ಕು ಇನ್ನಿಂಗ್ಸ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ನೂ ಐವತ್ತು ಮುಟ್ಟಲಿಲ್ಲ. ಮೆಲ್ಬರ್ನಿನಲ್ಲಿರುವ ನಮ್ಮ ಕನ್ನಡದ ಗೆಳೆಯರದೆಲ್ಲ ಒಂದೇ ಮಾತು: "ಇದೇ ಇಂಡಿಯಾದಲ್ಲಿ ಆಗಿದ್ದರೆ ಈ ಆಸ್ಟ್ರೇಲಿಯಾದವರು ಸುಮ್ಮನಿರ್ತಿದ್ರಾ?"

ಆ ಸಿಟ್ಟಿನಲ್ಲಿ ನ್ಯಾಯವಿದೆ. ಸ್ಪಿನ್ ಆಗುವ ಪಿಚ್ ಎಂದರೆ ಮೋಸ, ವೇಗದ ಬೌಲರ್‌ನ ಚೆಂಡು ನೆಲಕ್ಕೆ ಬಿದ್ದು ಹೊರಳುವ, ಅಂದರೆ ಸೀಮ್ ಆಗುವ, ಪಿಚ್ ಎಂದರೆ ಪರೀಕ್ಷೆ ಎನ್ನುವ ಧಾಟಿ ಈ ದೇಶದ ಟಿವಿಯಲ್ಲಿ ಇವತ್ತಿಗೂ ಕೇಳಿಸುತ್ತದೆ. ಆದರೆ ಆ ವಾರ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಪಂದ್ಯ ಮುಗಿದ ಮೇಲೆ ಎಂಸಿಜಿಯ (ಮೆಲ್ಬರ್ನ್ ಕ್ರಿಕೆಟ್ ಮೈದಾನದ) ಮುಖ್ಯ ಕ್ಯುರೇಟರ್, ಅಂದರೆ ಪಿಚ್ ಸಿದ್ಧಮಾಡುವ, ಮ್ಯಾಟ್ ಪೇಜ್ ಪತ್ರಕರ್ತರ ಎದುರು ಬಂದು ಕೂತರು. 10 ಮಿಲಿಮೀಟರ್ ಹುಲ್ಲು ಬಿಟ್ಟಿದ್ದೆವು, ಕೊನೆಯ ದಿನಗಳಲ್ಲಿ ಬಿಸಿಲು ಜೋರಾಗುವ ಮುನ್ಸೂಚನೆ ಇತ್ತು, ಲೆಕ್ಕ ತಪ್ಪಿತು ಎಂದು ಬಿಡಿಸಿ ಹೇಳಿದರು. ಐಸಿಸಿ ಆ ಪಿಚ್ ತೃಪ್ತಿಕರವಲ್ಲ ಎಂದು ಬರೆದು ಒಂದು ಡಿಮೆರಿಟ್ ಅಂಕವನ್ನೂ ಕೊಟ್ಟಿತು.

ಅದಕ್ಕೆ ಸುಮಾರು ಒಂದೂವರೆ ತಿಂಗಳ ಹಿಂದೆ ಕೋಲ್ಕತ್ತದ ಈಡನ್‌ನಲ್ಲಿ, ಚೆಂಡು ತಿರುಗುವ ಪಿಚ್ ಮೇಲೆ, ದಕ್ಷಿಣ ಆಫ್ರಿಕಾ ವಿರುದ್ಧ 124 ರನ್ ಬೆನ್ನಟ್ಟಿದ ಭಾರತ 93ಕ್ಕೆ ಕುಸಿದಿತ್ತು. ಆಗ ಕೋಚ್ ಗೌತಮ್ ಗಂಭೀರ್, ನಾವು ಕೇಳಿದ್ದು ಇಂಥ ಪಿಚ್ಚನ್ನೇ ಎಂದರು. ಮೆಲ್ಬರ್ನಿನಲ್ಲಿ "ನಾವು ಮಾಡಿದೆವು" ಎಂದದ್ದು ಪಿಚ್ ಮಾಡಿದವನು. ಕೋಲ್ಕತ್ತದಲ್ಲಿ "ನಾವು ಕೇಳಿದೆವು" ಎಂದದ್ದು ಆಡುವ ತಂಡ. ಎರಡು ಕಡೆಯ ರೀತಿಯಲ್ಲಿ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು. ಸೀಮ್, ಸ್ಪಿನ್ ಎಲ್ಲ ಆಮೇಲಿನ ಮಾತು.

ಹುಲ್ಲು ಕೆಲವೇ ಮಿಲಿಮೀಟರ್ ಹೆಚ್ಚಾದರೆ ಇಷ್ಟೆಲ್ಲ ಆಗುತ್ತದೆಯೇ? ಆಗುತ್ತದೆ. ಮೆಲ್ಬರ್ನಿನ ಪಿಚ್‌ಗಳಿಗೆ ಹಾಕುವುದು ಮೆರಿ ಕ್ರೀಕ್ ಕಡೆಯ ಕಪ್ಪು ಜೇಡಿಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಗಟ್ಟಿಯಾಗುತ್ತದೆ, ಇನ್ನೂ ಒಣಗಿದರೆ ಬಿರಿಯುತ್ತದೆ. ನಮ್ಮ ಧಾರವಾಡ, ಗದಗದ ಎರೆಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲಿನ ಬೇರು ಆಳದ ತೇವವನ್ನು ಹೀರಿ ಮಣ್ಣನ್ನು ಹಿಡಿದಿಡುತ್ತದೆ, ರೋಲರ್ ಅದನ್ನು ಅದುಮುತ್ತದೆ. ಮೇಲೆ ಉಳಿದ ಹಸಿರು ಗರಿಗೆ ಚೆಂಡಿನ ಸೀಮ್ (ಹೊಲಿಗೆ) ನೆಟ್ಟಗೆ ಬಿದ್ದರೆ ಕಚ್ಚಿಕೊಂಡು ಅತ್ತಲೋ ಇತ್ತಲೋ ಹೊರಳುತ್ತದೆ. ಯಾವ ಕಡೆ ಎಂದು ಬೌಲರ್‌ಗೇ ಗೊತ್ತಿರುವುದಿಲ್ಲ. ಹುಲ್ಲು ಪೂರ್ತಿ ಬೋಳಿಸಿ ಒಣಗಿಸಿದರೆ ಮೇಲ್ಪದರ ಪುಡಿಯಾಗಿ ಚೆಂಡು ಹಿಡಿದು ತಿರುಗುತ್ತದೆ. ಅದೇ ಮಣ್ಣನ್ನು ಪುಡಿಯಾಗದಂತೆ ಗಟ್ಟಿ ಅದುಮಿ ಹುಲ್ಲನ್ನೂ ಸವರಿಬಿಟ್ಟರೆ ಏನೂ ಆಗುವುದಿಲ್ಲ. 2017ರ ಎಂಸಿಜಿ ಟೆಸ್ಟ್‌ನಲ್ಲಿ ಆದದ್ದು ಅದೇ. ಅಲಸ್ಟೇರ್ ಕುಕ್ ಔಟಾಗದೆ 244 ಹೊಡೆದರು, ಐದು ದಿನಕ್ಕೆ ಬಿದ್ದದ್ದು 24 ವಿಕೆಟ್. ಆ ಪಿಚ್ 'ಕಳಪೆ' ಎನಿಸಿಕೊಂಡಿತು.

ಈ ಎರಡರ ನಡುವಿನದು 2024ರ ಭಾರತ-ಆಸ್ಟ್ರೇಲಿಯಾ ಟೆಸ್ಟ್. ಅದೇ ಮೈದಾನ, ಪಿಚ್ ಮಾಡಿದ್ದು ಅದೇ ಮ್ಯಾಟ್ ಪೇಜ್. ಬುಮ್ರಾ ಎರಡನೆಯ ಇನ್ನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತರು, ಸ್ಮಿತ್ 140 ಹೊಡೆದರು, ನಿತೀಶ್ ರೆಡ್ಡಿ 114, ಜೈಸ್ವಾಲ್ ಎರಡೂ ಇನ್ನಿಂಗ್ಸ್‌ನಲ್ಲಿ ಎಂಬತ್ತು ದಾಟಿದರು. ಭಾರತ ಸೋತದ್ದು ಐದನೆಯ ದಿನದ ಕೊನೆಯ ಅವಧಿಯಲ್ಲಿ. ಸೋಲು ನೋಯಿಸಿತು, ಆದರೂ ಕ್ರಿಕೆಟ್ ಎಂದರೆ ಹೀಗಿರಬೇಕು ಅನ್ನಿಸಿತು.

ಹಾಗೆಂದು ದಿನಗಳ ಲೆಕ್ಕದಲ್ಲಿ ಪಿಚ್ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಅದೇ ಆ್ಯಷಸ್‌ನ ಪರ್ತ್ ಟೆಸ್ಟ್ ಕೂಡ ಎರಡೇ ದಿನಕ್ಕೆ ಮುಗಿದಿತ್ತು. ಆದರೆ ಅಲ್ಲಿ ಸ್ಟಾರ್ಕ್ ಒಂದೇ ಇನ್ನಿಂಗ್ಸ್‌ನಲ್ಲಿ ಏಳು ವಿಕೆಟ್ ಕಿತ್ತರು, ಎಲ್ಲರೂ ತಡಕಾಡಿದ ಅದೇ ಪಿಚ್ ಮೇಲೆ ಟ್ರಾವಿಸ್ ಹೆಡ್ 123 ಹೊಡೆದು ಗೆಲ್ಲಿಸಿದರು. ಐಸಿಸಿ ಆ ಪಿಚ್ಚನ್ನು ಬಹಳ ಚೆನ್ನಾಗಿದೆ ಎಂದಿತು, ಸರಿಯಾಗಿಯೇ ಎಂದಿತು. ಬ್ಯಾಟು ಚೆಂಡಿನ ನಡುವೆ ಸಮತೋಲನ ಎಂದಾಗ ನಾವು ತಕ್ಕಡಿಯ ಎರಡು ತಟ್ಟೆಗಳನ್ನು ನೆನೆಯುತ್ತೇವೆ. ನಾನು ಕೇಳುವುದು ಬೇರೆ ಪ್ರಶ್ನೆ: ಈ ಪಿಚ್ ಮೇಲೆ ಒಳ್ಳೆಯ ಆಟಗಾರ ಯಾರು, ಸಾಧಾರಣ ಯಾರು ಎಂದು ಗೊತ್ತಾಗುತ್ತದೆಯೇ?

ಗೊತ್ತಾಗದಿದ್ದರೆ ಪಿಚ್ ಕೆಟ್ಟದ್ದು. ಮೊದಲ ಗಂಟೆಯಿಂದಲೇ ಚೆಂಡು ಗಿರಗಿರ ತಿರುಗಿದರೆ ಅಶ್ವಿನ್‌ಗೂ ಉಳಿದವರಿಗೂ ಅಂತರವೇ ಉಳಿಯುವುದಿಲ್ಲ. ಬ್ಯಾಟ್ಸ್‌ಮನ್ನನನ್ನು ಗಾಳಿಯಲ್ಲಿ ಮೋಸಗೊಳಿಸುವ ಕೆಲಸವೇ ಬೇಡ, ಜಾಗ ನೋಡಿ ಹಾಕಿದರೆ ಸಾಕು. 2017ರಲ್ಲಿ ಪುಣೆಯಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಓಕೀಫ್ ಹನ್ನೆರಡು ವಿಕೆಟ್ ಕಿತ್ತದ್ದು, 2024ರಲ್ಲಿ ಅಲ್ಲೇ ನ್ಯೂಜಿಲೆಂಡಿನ ಸ್ಯಾಂಟ್ನರ್ ಹದಿಮೂರು, ಮುಂಬೈಯಲ್ಲಿ ಎಜಾಜ್ ಪಟೇಲ್ ಹನ್ನೊಂದು, ಆಮೇಲೆ ಈಡನ್‌ನಲ್ಲಿ ದಕ್ಷಿಣ ಆಫ್ರಿಕಾದ ಹಾರ್ಮರ್ ಎಂಟು. ಬಂದವರಿಗೆಂದು ತೋಡಿದ ಗುಂಡಿಗೆ ನಾವೇ ಬಿದ್ದೆವು. ನಮ್ಮ ಸ್ಪಿನ್ನರ್‌ಗಳ ಕೈಚಳಕಕ್ಕೆ ಬೆಲೆ ಬರಬೇಕಾದರೆ ಚೆಂಡು ಸ್ವಲ್ಪ ಕಮ್ಮಿ ತಿರುಗುವುದೇ ಒಳ್ಳೆಯದು.

ಪೂರ್ತಿ ಸಪಾಟು ಪಿಚ್ ಮಾಡುವ ಅನ್ಯಾಯವೂ ಇದೇ ಬಗೆಯದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯ ಐಪಿಎಲ್ ಪಂದ್ಯದಲ್ಲಿ ಸನ್‌ರೈಸರ್ಸ್ 287, ಆರ್‌ಸಿಬಿ 262. ನಲವತ್ತು ಓವರಿಗೆ 549 ರನ್. ನಮ್ಮವರಲ್ಲಿ ನಾಲ್ವರು ಬೌಲರ್‌ಗಳು ತಲಾ ಐವತ್ತಕ್ಕಿಂತ ಹೆಚ್ಚು ಕೊಟ್ಟರು. ಸಣ್ಣ ಬೌಂಡರಿ, ಎತ್ತರದ ಊರಿನ ತೆಳು ಗಾಳಿ, ಮೇಲೆ ಅಂಥ ಪಿಚ್! ಹುಡುಗನೊಬ್ಬ ಇದನ್ನು ನೋಡಿ ಬೌಲರ್ ಆಗಬೇಕೆಂದು ಯಾಕೆ ಆಸೆಪಡಬೇಕು?

ಅದೇ ವರ್ಷದ ಅಕ್ಟೋಬರ್‌ನಲ್ಲಿ, ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ನಲ್ಲಿ, ಅದೇ ಚಿನ್ನಸ್ವಾಮಿ ತನ್ನ ನಿಜವಾದ ಗುಣ ತೋರಿಸಿತು. ಮಳೆಗೆ ಮೊದಲ ದಿನ ಪೂರ್ತಿ ಹೋಯಿತು, ಪಿಚ್ ಹೊದಿಕೆಯ ಕೆಳಗೇ ಇತ್ತು. ಎರಡನೆಯ ದಿನ ಮೋಡದ ಕೆಳಗೆ ಭಾರತ 46ಕ್ಕೆ ಆಲೌಟ್. ತೇವ ಆರಿದ ಮೇಲೆ ಅದೇ ಪಿಚ್ ಮೇಲೆ ನ್ಯೂಜಿಲೆಂಡಿಗೆ ಆಡುವ, ಬೆಂಗಳೂರು ಮೂಲದ ರಚಿನ್ ರವೀಂದ್ರ 134, ನಮ್ಮ ಸರ್ಫರಾಜ್ 150, ಪಂತ್ 99, ಭಾರತದ ಎರಡನೆಯ ಇನ್ನಿಂಗ್ಸ್ 462. ಯಾರೂ ಕೇಳಿ ಮಾಡಿಸಿಕೊಂಡ ಪಿಚ್ ಅಲ್ಲ ಅದು. ದಿನಕ್ಕೊಂದು ಪ್ರಶ್ನೆ ಕೇಳಿತು, ಉತ್ತರ ಗೊತ್ತಿದ್ದವರು ಉಳಿದರು. ಆ ಸೋಲಿನ ಬಗ್ಗೆ ನನಗೆ ಒಂದು ದೂರೂ ಇಲ್ಲ.

ಇಲ್ಲಿನ ರೀತಿಯೆಲ್ಲ ಮೇಲು ಎಂದು ನಾನು ಹೇಳುತ್ತಿಲ್ಲ. ನಾನಿರುವ ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ಮಕ್ಕಳು ಆಡುವುದು ಕಾಂಕ್ರೀಟಿನ ಮೇಲೆ ಅಂಟಿಸಿದ ಸಿಂಥೆಟಿಕ್ ಹಾಸಿನ ಮೇಲೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೂ ಒಂದೇ ಬೌನ್ಸ್. ಬೆಂಗಳೂರಿನಲ್ಲಿ ನಾವು ಆಡಿದ್ದು ಮ್ಯಾಟಿಂಗ್ ಮೇಲೆ. ಮ್ಯಾಟ್ ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ಚೆಂಡು ಎದೆಗೆ ಬರುತ್ತಿತ್ತು, ಸಡಿಲ ಬಿಟ್ಟರೆ ನಿಂತು ತಿರುಗುತ್ತಿತ್ತು, ಕೆಳಗಿನ ಮಣ್ಣಿಗೆ ಬೆಳಿಗ್ಗೆ ನೀರು ಬಿದ್ದಿದೆಯೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಬ್ಯಾಟು ಹಿಡಿಯುವ ಮೊದಲು ಬಗ್ಗಿ ಮ್ಯಾಟನ್ನು ಎಳೆದು ನೋಡುವುದು ಎಲ್ಲರಿಗೂ ಅಭ್ಯಾಸ. ಇಲ್ಲಿನ ಮಕ್ಕಳಿಗೆ ಆ ಓದು ಸಿಗುತ್ತಿಲ್ಲ ಎಂದು ನನಗೆ ನಿಜವಾಗಿ ಬೇಸರವಿದೆ.

ಎಂಸಿಜಿಯಲ್ಲೇ 1981ರಲ್ಲಿ, ಚೆಂಡು ಒಮ್ಮೆ ಏಳುತ್ತ ಒಮ್ಮೆ ನೆಲ ಹಿಡಿಯುತ್ತಿದ್ದ ಪಿಚ್ ಮೇಲೆ, ನಮ್ಮ ವಿಶ್ವನಾಥ್ 114 ಹೊಡೆದರು, ತಂಡದ ಮೊತ್ತ 237. ಅದಕ್ಕೂ ಮೊದಲು, 1977-78ರ ಸರಣಿಯಲ್ಲಿ, ಚಂದ್ರಶೇಖರ್ ಇಲ್ಲೇ ಎರಡೂ ಇನ್ನಿಂಗ್ಸ್‌ನಲ್ಲಿ 52 ರನ್ನಿಗೆ ಆರು ವಿಕೆಟ್ ಕಿತ್ತು ಆಸ್ಟ್ರೇಲಿಯಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. ಇಬ್ಬರಿಗೂ ಯಾರೂ ಪಿಚ್ ಮಾಡಿಕೊಟ್ಟಿರಲಿಲ್ಲ.

ನಾನು ಕೇಳುವುದು ದೊಡ್ಡ ಸುಧಾರಣೆಯಲ್ಲ. ಟೆಸ್ಟ್‌ನ ಹಿಂದಿನ ದಿನ ನಾಯಕರ ಜೊತೆಗೆ ಕ್ಯುರೇಟರ್ ಕೂಡ ಮೈಕಿನ ಮುಂದೆ ಬರಲಿ. ಎಷ್ಟು ಹುಲ್ಲು ಬಿಟ್ಟಿದೆ, ಕೊನೆಯ ಸಲ ನೀರು ಹಾಕಿದ್ದು ಯಾವತ್ತು, ಕೆಳಗಿರುವುದು ಕೆಂಪು ಮಣ್ಣೋ ಕಪ್ಪು ಮಣ್ಣೋ ಎಂದು ಹೇಳಲಿ. ತಂಡದವರು ಏನಾದರೂ ಕೇಳಿದ್ದರೆ ಅದನ್ನೂ ಎಲ್ಲರ ಎದುರೇ ಹೇಳಲಿ. ಚಿನ್ನಸ್ವಾಮಿಗೆ ಮುಂದಿನ ಟೆಸ್ಟ್ ಬಂದಾಗ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಇದನ್ನು ಶುರು ಮಾಡಬಹುದು, ಯಾರ ಅಪ್ಪಣೆಗೂ ಕಾಯದೆ.