ಬಣ್ಣದ ಚಿತ್ರ ಬಂದ ಮೇಲೆ ನಿಜವಾದ ಹೊಟ್ಟೆನೋವು

"ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ. ಸುಮ್ನೆ ಟೆನ್ಷನ್ ಮಾಡ್ಕೋತೀರ, ಅಷ್ಟೇ."

ಈ ಮಾತನ್ನು ನಾನು ಮೂವರು ಡಾಕ್ಟರ ಬಾಯಲ್ಲಿ ಕೇಳಿದ್ದೇನೆ. ರಕ್ತ ಪರೀಕ್ಷೆ ಆಯಿತು, ಎಂಡೋಸ್ಕೋಪಿ ಆಯಿತು, ಹೊಟ್ಟೆಯ ಸ್ಕ್ಯಾನಿಂಗ್ ಎರಡು ಸಲ ಆಯಿತು. ಎಲ್ಲಾ ನಾರ್ಮಲ್. ಆದರೆ ಮೀಟಿಂಗ್ ಇರುವ ದಿನ ಬೆಳಗ್ಗೆ ನಾಲ್ಕು ಸಲ ಟಾಯ್ಲೆಟ್‌ಗೆ ಓಡುವುದು ತಪ್ಪಲಿಲ್ಲ. ಹೊಸ ಜಾಗಕ್ಕೆ ಕಾಲಿಟ್ಟರೆ ನನ್ನ ಕಣ್ಣು ಮೊದಲು ಹುಡುಕುವುದು ಟಾಯ್ಲೆಟ್ ಬೋರ್ಡನ್ನು. ಐಬಿಎಸ್ (ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಇದನ್ನು ಬರೆಯೋಕೆ ಕಾರಣ, ಮೊನ್ನೆ ಸ್ನೇಹಿತನೊಬ್ಬ ಕಳಿಸಿದ ವಿಡಿಯೋ. "ನೋಡು, ನಿಂದೇ ಪ್ರಾಬ್ಲಮ್" ಅಂತ ಜೊತೆಗೊಂದು ಸಾಲು. ವಿಡಿಯೋದಲ್ಲಿ ಕೆಂಪು ಹಳದಿ ಬಣ್ಣ ಹಚ್ಚಿದ ಮಿದುಳು ತಿರುಗುತ್ತಿತ್ತು. ನಿಮ್ಮ ಮೂಡ್ ಇರುವುದು ತಲೆಯಲ್ಲಲ್ಲ, ಕರುಳಿನಲ್ಲಿ ಅಂತ ಒಂದು ಗಂಭೀರ ದನಿ. ಕೊನೆಗೆ "ಒಳ್ಳೇ ಬ್ಯಾಕ್ಟೀರಿಯಾ" ತುಂಬಿದ ಕ್ಯಾಪ್ಸೂಲ್ ಡಬ್ಬಿ. ನನಗೆ ಸಿಟ್ಟು ಬಂತು. ಯಾಕೆಂದರೆ ಅಂಥ ಚಿತ್ರಗಳ ಋಣ ನನ್ನ ಮೇಲಿದೆ.

ಆ ಋಣದ ಕಥೆ ಶುರುವಾಗುವುದು ಒಂದು ಬಲೂನಿನಿಂದ. 1973ರಲ್ಲಿ ರಿಚಿ ಎಂಬ ಬ್ರಿಟಿಷ್ ವೈದ್ಯರು ಐಬಿಎಸ್ ಇರುವವರ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಸಣ್ಣ ಬಲೂನು ಇಟ್ಟು ಸ್ವಲ್ಪ ಸ್ವಲ್ಪವೇ ಊದಿದರು. ಬೇರೆಯವರಿಗೆ ಏನೂ ಅನ್ನಿಸದಷ್ಟು ಗಾಳಿಗೇ ಇವರಲ್ಲಿ ಎಷ್ಟೋ ಜನರಿಗೆ ನೋವು ಬರುತ್ತಿತ್ತು. ಇಷ್ಟು ಸಾಕಾಗಬೇಕಿತ್ತು ಅಲ್ವಾ? ಸಾಕಾಗಲಿಲ್ಲ. "ಇವರು ಸ್ವಲ್ಪಕ್ಕೇ ಅಯ್ಯೋ ಅನ್ನೋ ಜನ" ಎಂದು ಹೇಳಲು ಇನ್ನೂ ಜಾಗವಿತ್ತು. ನೋವು ಎಷ್ಟಿದೆ ಎಂದು ಹೇಳಬೇಕಾದವರು ರೋಗಿಗಳೇ ತಾನೇ? ಅವರ ಮಾತನ್ನು ನಂಬಬೇಕಲ್ಲ!

ಅದೇ ಬಲೂನು 1997ರ ಹೊತ್ತಿಗೆ ಮಿದುಳಿನ ರಕ್ತದ ಹರಿವನ್ನು ತೋರಿಸುವ ಪೆಟ್ ಸ್ಕ್ಯಾನರ್ ಒಳಗೆ ಹೋಯಿತು. ಆ ಪ್ರಯೋಗವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ತಲೆ ಅಲುಗಾಡಿಸದೆ ಮಲಗಿದ್ದೀರಿ. ಕರುಳಿನಲ್ಲಿ ಮುದುಡಿಕೊಂಡ ಬಲೂನು. ಅದರ ನಳಿಕೆ ಹೊರಗಿನ ಪಂಪಿಗೆ ಸೇರಿದೆ. ಊದುತ್ತಾರೆ, ಮಿದುಳಿನ ಯಾವ ಭಾಗಕ್ಕೆ ರಕ್ತ ಜಾಸ್ತಿ ಹರಿಯಿತು ಎಂದು ನೋಡುತ್ತಾರೆ. ಇನ್ನೊಂದು ಸಲ ಊದುವ ಹಾಗೆ ಮಾಡುತ್ತಾರೆ, ಆದರೆ ಊದುವುದಿಲ್ಲ. ನೀವು ಮಾತ್ರ ಹಲ್ಲು ಕಚ್ಚಿಕೊಂಡು ಕಾಯುತ್ತಾ ಇರುತ್ತೀರಿ.

ಆಗಲೂ ಮಿದುಳು ಸುಮ್ಮನಿರಲಿಲ್ಲ. ಐಬಿಎಸ್ ಇಲ್ಲದವರಲ್ಲಿ, ನಿಜವಾಗಿ ಊದಿದಾಗಲೂ ಬರೀ ನಾಟಕ ಆಡಿದಾಗಲೂ, ನೋವು ಅನ್ನಿಸಿದರೆ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗ ಚುರುಕಾಗುತ್ತಿತ್ತು. ಐಬಿಎಸ್ ಇದ್ದವರಲ್ಲಿ ಅದು ತೆಪ್ಪಗಿತ್ತು, ಹಣೆಯ ಹಿಂದಿನ ಎಡಭಾಗ ಕೆಲಸಕ್ಕೆ ಇಳಿದಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಮೀಟಿಂಗ್ ದಿನದ ಬೆಳಗು. ಬಲೂನು ಇಲ್ಲ, ಏನೂ ಇಲ್ಲ. ಬರಲಿದೆ ಎಂಬ ಸುಳಿವು ಮಾತ್ರ. ಅಷ್ಟಕ್ಕೇ ಒಳಗೆಲ್ಲ ಗಡಿಬಿಡಿ.

ಇಲ್ಲಿಗೇ ನಿಲ್ಲಿಸಿದರೆ ನಾನೂ ಆ ಕ್ಯಾಪ್ಸೂಲ್ ವಿಡಿಯೋದವರ ಥರಾನೇ ಆಗುತ್ತೇನೆ. ಆ ಅಧ್ಯಯನದಲ್ಲಿ ಇದ್ದದ್ದು 12 ಜನ. ಮೂರು ವರ್ಷದ ನಂತರ ಎಫ್‌ಎಂಆರ್‌ಐ ಎಂಬ ಅಯಸ್ಕಾಂತದ ಸ್ಕ್ಯಾನ್ ಬಳಸಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಅದೇ ಸಿಂಗ್ಯುಲೇಟ್ ಐಬಿಎಸ್ ಇದ್ದವರಲ್ಲಿ ನೋವಿಗೆ ಜೋರಾಗಿಯೇ ಸ್ಪಂದಿಸಿತು. ಒಂದು ಕಡೆ ತೆಪ್ಪಗೆ, ಇನ್ನೊಂದು ಕಡೆ ಜೋರು. 2011ರಲ್ಲಿ 18 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ ಮೇಲೆ ಚಿತ್ರ ಸ್ವಲ್ಪ ತಿಳಿಯಾಯಿತು. ಕರುಳಿನಿಂದ ಬರುವ ಸುದ್ದಿಗೆ ಭಾವನೆಯ ಜಾಲ, ನೋವನ್ನು ಏರಿಸಿ ಇಳಿಸುವ ಜಾಲ ಇವರಲ್ಲಿ ಹೆಚ್ಚು ಎದ್ದು ನಿಲ್ಲುತ್ತವೆ. ಇದು ಗುಂಪಿನ ಸರಾಸರಿಯ ಮಾತು. ನಾಳೆ ನಾನು ಹೋಗಿ ಮಲಗಿದರೆ, ಸ್ಕ್ಯಾನ್ ನೋಡಿ "ನಿಮಗೆ ಐಬಿಎಸ್ ಇದೆ" ಎಂದು ಯಾರೂ ಹೇಳಲಾರರು.

ಆ ಕೆಂಪು ಬಣ್ಣದ ಬಗ್ಗೆಯೂ ಒಂದು ಮಾತು. ಎಫ್‌ಎಂಆರ್‌ಐ ಚಿತ್ರ ಯೋಚನೆಯ ಫೋಟೋ ಅಲ್ಲ. 1990ರಲ್ಲಿ ಸೇಜಿ ಒಗಾವಾ ಎಂಬ ಜಪಾನಿ ವಿಜ್ಞಾನಿ ತೋರಿಸಿದ್ದು ಇಷ್ಟು: ಆಕ್ಸಿಜನ್ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಇರುವ ವ್ಯತ್ಯಾಸ ಅಯಸ್ಕಾಂತಕ್ಕೆ ಗೊತ್ತಾಗುತ್ತದೆ. ನರಕೋಶಗಳು ಕೆಲಸ ಮಾಡಿದ ಕಡೆಗೆ ರಕ್ತ ನುಗ್ಗುತ್ತದೆ, ಅದು ಉತ್ತುಂಗ ಮುಟ್ಟುವುದು ಐದಾರು ಸೆಕೆಂಡ್ ತಡವಾಗಿ. ಉಳಿದದ್ದು ಲೆಕ್ಕಾಚಾರ. ಲೆಕ್ಕ ತಪ್ಪಿದರೆ ಏನಾಗುತ್ತದೆ? 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರ ಭಾವನೆ ಏನು ಅಂತ ಕೇಳಿದರು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಬಿಟ್ಟರೆ, ಸತ್ತ ಮೀನಿನ ಮಿದುಳಿನಲ್ಲೂ ಬಣ್ಣ ಕಾಣಿಸಿತು! ಅದಕ್ಕೆ 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ನಗು ಬರುತ್ತದೆ, ಆದರೆ ಅವರು ಹೇಳಲು ಹೊರಟಿದ್ದು ತಮಾಷೆಯ ವಿಷಯ ಅಲ್ಲ.

ಇನ್ನು ಡಬ್ಬಿಯೊಳಗಿನ ಬ್ಯಾಕ್ಟೀರಿಯಾ. ಇದರಲ್ಲಿ ಏನೂ ಇಲ್ಲ ಎಂದು ನಾನು ಹೇಳಲಾರೆ. 2004ರಲ್ಲಿ ಜಪಾನಿನ ಸಂಶೋಧಕರು, ಹುಟ್ಟಿನಿಂದ ಒಂದೂ ಸೂಕ್ಷ್ಮಜೀವಿ ತಾಗದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡದ ಹಾರ್ಮೋನು ಮಾಮೂಲಿಗಿಂತ ಜಾಸ್ತಿ ಏರುವುದನ್ನು ಕಂಡರು. 2013ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಮಹಿಳೆಯರಲ್ಲಿ ಕೆಲವರು ನಾಲ್ಕು ವಾರ ಪ್ರೋಬಯಾಟಿಕ್ (ಅಂದರೆ ಒಳ್ಳೆಯದು ಮಾಡುತ್ತವೆ ಎನ್ನುವ ಜೀವಂತ ಬ್ಯಾಕ್ಟೀರಿಯಾ) ಹಾಕಿ ಹುದುಗಿಸಿದ ಹಾಲು ಕುಡಿದರು. ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದಾಗ ಅವರ ಮಿದುಳಿನ ಇನ್ಸುಲಾ ಮುಂತಾದ ಭಾಗಗಳ ಸ್ಪಂದನೆ ಕಡಿಮೆಯಾಗಿತ್ತು. ಕುತೂಹಲದ ವಿಷಯ, ನಿಜ. ಆದರೆ ಮೂರು ಗುಂಪಿನಲ್ಲಿ ಸೇರಿ ಇದ್ದದ್ದು 36 ಜನ, ಹಾಲು ಕುಡಿದವರು ಅದರಲ್ಲಿ 12. ದುಡ್ಡು ಕೊಟ್ಟಿದ್ದು ಡ್ಯಾನೋನ್, ಅಂದರೆ ಅಂಥ ಹಾಲಿನ ಪದಾರ್ಥ ಮಾರುವ ಕಂಪನಿಯೇ. ಅಷ್ಟಕ್ಕೇ ಅಧ್ಯಯನ ಸುಳ್ಳಾಗುವುದಿಲ್ಲ, ಆದರೆ ಮಾರುವವರು ಈ ಎರಡು ಮಾತನ್ನು ಯಾವತ್ತೂ ಹೇಳುವುದಿಲ್ಲ.

ಇಲಿಯ ಕಥೆ ಕೇಳಿ. 2011ರಲ್ಲಿ ಒಂದು ಜಾತಿಯ ಲ್ಯಾಕ್ಟೋಬ್ಯಾಸಿಲಸ್ ತಿಂದ ಇಲಿಗಳ ಆತಂಕ ಇಳಿಯಿತು. ಕರುಳಿಗೂ ಮಿದುಳಿಗೂ ನಡುವಿನ ವೇಗಸ್ ನರ ಕತ್ತರಿಸಿದರೆ ಆ ಪರಿಣಾಮ ಮಾಯ. ಎಷ್ಟು ಚೆಂದದ ಪ್ರಯೋಗ! 2017ರಲ್ಲಿ ಅದೇ ಬ್ಯಾಕ್ಟೀರಿಯಾವನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರು. ಒತ್ತಡದ ಮೇಲೆ ಏನೂ ಪರಿಣಾಮ ಇಲ್ಲ. ಮೊದಲನೆಯದು ಎಲ್ಲಾ ವಿಡಿಯೋಗಳಲ್ಲೂ ಬರುತ್ತದೆ. ಎರಡನೆಯದನ್ನು ನೀವು ಕೇಳಿದ್ದೀರಾ?

ಮೂಡಿನ ರಾಸಾಯನಿಕ ಎಂದು ಹೆಸರಾದ ದೇಹದ ಸೆರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಕರುಳಿನಲ್ಲಿ ತಯಾರಾಗುತ್ತದೆ ಎಂಬುದೂ ಹಾಗೇ. ಮಾತು ನಿಜ. ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದ ವಿವರ ಇದಕ್ಕಿಂತ ಸಪ್ಪೆ. ಒತ್ತಡ ಬಂದಾಗ ಮಿದುಳಿನಿಂದ ಹೊರಡುವ ಸಿಆರ್‌ಎಫ್ ಎಂಬ ರಾಸಾಯನಿಕ ಜಠರವನ್ನು ನಿಧಾನ ಮಾಡುತ್ತದೆ, ದೊಡ್ಡ ಕರುಳನ್ನು ಓಡಿಸುತ್ತದೆ. ಎರಡೂ ಒಟ್ಟಿಗೆ. ಮೀಟಿಂಗ್ ದಿನ ಒಂದು ತುತ್ತೂ ಇಳಿಯುವುದಿಲ್ಲ, ಆದರೂ ಟಾಯ್ಲೆಟ್‌ಗೆ ಓಡಬೇಕು. ತಿಂದೇ ಇಲ್ಲ, ಹೋಗೋದು ಏನು ಅಂತ ಎಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೆ!

ಮನೆಯವರಿಗೆ ಬಲೂನಿನ ಕಥೆ ಹೇಳಿ, ಬಣ್ಣದ ಮಿದುಳು ತೋರಿಸಿದ ದಿನ ಅವರು "ಓ, ಹಾಗಾದ್ರೆ ನಿಜವಾಗ್ಲೂ ನೋಯುತ್ತಾ?" ಅಂದರು. ಹನ್ನೊಂದು ವರ್ಷ ನಾನು ಹೇಳಿದ್ದು ಅದನ್ನೇ. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದನ್ನು ಕಂಡವರೇ ಅವರು. ನನ್ನ ಮುಖಕ್ಕಿಂತ ಯಾರದೋ ಮಿದುಳಿನ ಸರಾಸರಿ ಚಿತ್ರಕ್ಕೆ ಬೆಲೆ ಜಾಸ್ತಿಯಾಯಿತು. ನನ್ನ ಜಗಳ ಇರುವುದು ಇಲ್ಲಿ. ನೋವಿನ ಮಾತನ್ನು ನಂಬೋಕೆ ನಮಗೆ ಚಿತ್ರ ಬೇಕು. ಆಮೇಲೆ ಚಿತ್ರ ತೋರಿಸಿದವರು ಏನು ಹೇಳಿದರೂ ನಂಬುತ್ತೇವೆ. (ನನ್ನ ಮಾತಿಗೇ ಅಡ್ಡ ಬರುವ ಒಂದು ವಿಷಯ: ಮಿದುಳಿನ ಚಿತ್ರ ಹಾಕಿದರೆ ಜನ ಹೆಚ್ಚು ನಂಬುತ್ತಾರೆ ಎಂದು 2008ರಲ್ಲಿ ಒಂದು ಅಧ್ಯಯನ ಹೇಳಿತ್ತು. 2013ರಲ್ಲಿ ಬೇರೆಯವರು ಹತ್ತು ಸಲ ಮಾಡಿ ನೋಡಿದಾಗ ಅಂಥ ಪರಿಣಾಮ ಹೆಚ್ಚುಕಡಿಮೆ ಸಿಗಲೇ ಇಲ್ಲ. ನಮ್ಮ ಮನೆಯಲ್ಲಂತೂ ಸಿಕ್ಕಿತು.)

"ಬರೀ ಟೆನ್ಷನ್" ಎಂಬ ಮಾತಿನಲ್ಲಿ ನನ್ನ ತಕರಾರು ಟೆನ್ಷನ್ ಬಗ್ಗೆ ಅಲ್ಲ, "ಬರೀ" ಬಗ್ಗೆ. 2016ರಲ್ಲಿ ಐಬಿಎಸ್‌ನಂಥ ಕಾಯಿಲೆ ಗುರುತಿಸಲು ಡಾಕ್ಟರು ಬಳಸುವ ರೋಮ್ ಮಾನದಂಡ ಬರೆಯುವ ತಜ್ಞರು ಇಂಥ ಕಾಯಿಲೆಗಳನ್ನು ಕರುಳು–ಮಿದುಳು ಒಡನಾಟದ ತೊಂದರೆಗಳು ಎಂದು ಕರೆದರು. ಒಡನಾಟ ಕೆಟ್ಟರೆ ಎರಡು ಕಡೆಯಿಂದಲೂ ಸರಿಮಾಡಬಹುದು. 1984ರಲ್ಲೇ ಮ್ಯಾಂಚೆಸ್ಟರಿನ ವೈದ್ಯ ವೋರ್ವೆಲ್ 30 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕರುಳಿಗಾಗಿಯೇ ರೂಪಿಸಿದ ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸೆ) ಮಾಡಿ ಒಳ್ಳೆಯ ಫಲ ಕಂಡಿದ್ದರು. ಅದು ಡಬ್ಬಿಯಲ್ಲಿ ಬರುವುದಿಲ್ಲ, ಹಾಗಾಗಿ ಅದರ ವಿಡಿಯೋ ನನಗೆ ಯಾರೂ ಕಳಿಸಿಲ್ಲ.

ನಾಲ್ಕನೆಯ ಡಾಕ್ಟರು ಸ್ಕ್ಯಾನ್ ಬರೆಯಲಿಲ್ಲ. ನನ್ನ ಹಳೇ ರಿಪೋರ್ಟ್ ಒಂದನ್ನು ತಿರುಗಿಸಿ, ಮೇಲೊಂದು ಸೊನ್ನೆ, ಕೆಳಗೊಂದು ಸೊಟ್ಟ ಗೆರೆ ಎಳೆದರು. ನಡುವೆ ಹತ್ತು ಬಾಣ. ಎಂಟು ಮೇಲಕ್ಕೆ, ಎರಡು ಕೆಳಕ್ಕೆ. "ವೇಗಸ್ ನರದ ಎಳೆಗಳಲ್ಲಿ ಹೆಚ್ಚುಕಡಿಮೆ ಇಷ್ಟು ಪಾಲು ಮೇಲಕ್ಕೇ ಸುದ್ದಿ ಒಯ್ಯುತ್ತವೆ. ನಿಮ್ಮಲ್ಲಿ ಪಿಸುಮಾತೂ ಕೂಗಿನ ಥರ ಕೇಳಿಸ್ತಿದೆ. ನೋವು ನಿಜ" ಅಂದರು. ಅವತ್ತು ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಸ್ನೇಹಿತನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಇಷ್ಟುದ್ದ ಓದುವ ಜಾತಿ ಅಲ್ಲ ಅವನು. ಬಾಣದ ಆ ಹಾಳೆಯ ಫೋಟೋ ತೆಗೆದು ಕಳಿಸ್ತೀನಿ.